ಒದ್ದೆ ನೆಲ, ಒಣ ನೆಲ, ಮತ್ತು ಕಳೆದುಹೋದ ಏಳುನೂರು ವರ್ಷ

ಹವಾಯಿ ದ್ವೀಪಗಳಿಗೆ ಮನುಷ್ಯರು ಮೊದಲು ಬಂದದ್ದು ಯಾವಾಗ? 1985ರಲ್ಲಿ ಪುರಾತತ್ವಜ್ಞ ಪ್ಯಾಟ್ರಿಕ್ ಕಿರ್ಚ್ ತಮ್ಮ 'ಫೆದರ್ಡ್ ಗಾಡ್ಸ್ ಆ್ಯಂಡ್ ಫಿಶ್‌ಹುಕ್ಸ್' ಪುಸ್ತಕದಲ್ಲಿ ಕೊಟ್ಟ ಉತ್ತರ ಕ್ರಿ.ಶ. 300ರ ಸುಮಾರು. 2011ರ ಹೊತ್ತಿಗೆ ಅದೇ ಕಿರ್ಚ್ ಕೊಟ್ಟ ಉತ್ತರ ಕ್ರಿ.ಶ. 1000ದ ಸುಮಾರು. ನಡುವೆ ಏಳುನೂರು ವರ್ಷ ಕಾಣೆಯಾಗಿದೆ. ಹೋಲಿಕೆಗೆ ಹೇಳೋದಾದರೆ, ಹಂಪಿಯ ವಿಜಯನಗರ ಶುರುವಾದಾಗಿನಿಂದ ಇವತ್ತಿನವರೆಗೆ ಕೂಡ ಅಷ್ಟು ವರ್ಷ ಆಗಿಲ್ಲ.

ಒಬ್ಬ ವಿದ್ವಾಂಸನ ಜೀವಮಾನದ ಕೆಲಸದಲ್ಲಿ ಇಷ್ಟು ದೊಡ್ಡ ತಿದ್ದುಪಡಿ ಆದಾಗ, ಉಳಿದದ್ದೆಲ್ಲ ಹಾಗೇ ನಿಲ್ಲುತ್ತಾ? ಈ ಬರಹದ ಪ್ರಶ್ನೆ ಅಷ್ಟೇ. ಕಿರ್ಚ್ ಅವರ ಪುಸ್ತಕಗಳನ್ನು ಬರೆದ ಕ್ರಮದಲ್ಲೇ ಓದಿದರೆ ಈ ಪ್ರಶ್ನೆ ತಪ್ಪಿಸಿಕೊಳ್ಳಲು ಆಗೋದಿಲ್ಲ. 2015ರಲ್ಲಿ ಬಂದ ಅವರ ಆತ್ಮಕಥೆ 'ಅನ್‌ಅರ್ಥಿಂಗ್ ದಿ ಪಾಲಿನೇಷಿಯನ್ ಪಾಸ್ಟ್' ಓದಿ ಮುಗಿಸಿದವರಿಗೆ ಇದು ಒಂದು ಸುಖಾಂತದ ಕಥೆ ಅನ್ನಿಸಬಹುದು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅವರ ಅಳತೆಗಳು ಅವರ ಸಿದ್ಧಾಂತಕ್ಕಿಂತ ದೊಡ್ಡವು. ಆ ಅಳತೆಗಳೇ ಅವರ ಸಿದ್ಧಾಂತವನ್ನು ಪ್ರಶ್ನಿಸುತ್ತವೆ, ಮತ್ತು ಆ ಪ್ರಶ್ನೆಗೆ ಅವರು ಪೂರ್ತಿ ಉತ್ತರ ಕೊಟ್ಟಿಲ್ಲ.

ಯಾರು ಈ ಕಿರ್ಚ್

ಹುಟ್ಟಿದ್ದು 1950ರಲ್ಲಿ, ಹೊನೊಲುಲುವಿನಲ್ಲಿ. ಬೆಳೆದದ್ದು ಮನೋವಾ ಕಣಿವೆಯಲ್ಲಿ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಬಿಷಪ್ ಮ್ಯೂಸಿಯಂ ಸೇರಿಕೊಂಡ ಹುಡುಗ. ಅಲ್ಲಿ ಯೋಶಿಯೋ ಕೊಂಡೊ ಎಂಬ ಬಸವನಹುಳು ತಜ್ಞರು ಅವರಿಗೆ ಗುರು. ಮುಂದೆ ಪೆನ್ಸಿಲ್ವೇನಿಯಾ, ಯೇಲ್‌ನಲ್ಲಿ 1975ಕ್ಕೆ ಪಿಎಚ್‌ಡಿ, ಮತ್ತೆ ಬಿಷಪ್ ಮ್ಯೂಸಿಯಂ, ಸಿಯಾಟಲ್‌ನ ಬರ್ಕ್ ಮ್ಯೂಸಿಯಂ, 1989ರಿಂದ ಬರ್ಕ್ಲಿ ವಿಶ್ವವಿದ್ಯಾಲಯ. ಕೊನೆಗೆ ವಾಪಸ್ ಹವಾಯಿ ವಿಶ್ವವಿದ್ಯಾಲಯಕ್ಕೆ.

ಬಸವನಹುಳುವಿನ ವಿಷಯ ಸುಮ್ಮನೆ ಹೇಳಿದ್ದಲ್ಲ. ನೆಲದ ಮೇಲೆ ಬದುಕುವ ಚಿಕ್ಕ ಚಿಕ್ಕ ಹುಳುಗಳ ಚಿಪ್ಪು ಮಣ್ಣಿನ ಪದರಗಳಲ್ಲಿ ಉಳಿಯುತ್ತೆ. ಕಾಡಿನ ಜಾತಿಗಳು ಕಡಿಮೆಯಾಗಿ, ಮನುಷ್ಯರು ಗಿಡಗಳ ಬೇರಿನ ಜೊತೆ ತಂದ ಜಾತಿಗಳು ಹೆಚ್ಚಾದರೆ, ಅಲ್ಲಿ ಕಾಡು ಕಡಿದು ತೋಟ ಮಾಡಿದ್ದಾರೆ ಅಂತ ಅರ್ಥ. ಹಾಗಾಗಿ ಕಿರ್ಚ್ ಅವರ ಕಣ್ಣು ಶುರುವಿನಿಂದಲೂ ರಾಜರ ಸಮಾಧಿ, ಕೆತ್ತನೆಗಳ ಮೇಲಿರಲಿಲ್ಲ. ಅವರು ನೋಡಿದ್ದು ಮಣ್ಣು, ಬೇಲಿ, ಕಾಲುವೆ, ಸುಟ್ಟ ಗೆಡ್ಡೆಯ ಚೂರು, ಇಲಿಯ ಮೂಳೆ. ಯಾರು ಏನು ತಿಂದರು, ಅದನ್ನು ಎಲ್ಲಿ ಬೆಳೆದರು, ಬೆಳೆದದ್ದರಲ್ಲಿ ಯಾರಿಗೆ ಎಷ್ಟು ಕೊಟ್ಟರು ಅನ್ನೋದು ಅವರ ಕೆಲಸದ ತಿರುಳು.

ಪಾಲಿನೇಷಿಯಾದ ಜನ ದೋಣಿಯಲ್ಲಿ ಹೊತ್ತು ತಂದ ಬೆಳೆಗಳ ಪಟ್ಟಿ ಕೇಳಿದರೆ ನಮ್ಮವರಿಗೆ ಆಶ್ಚರ್ಯ ಆಗುತ್ತೆ. ಕೆಸು, ಬಾಳೆ, ಕಬ್ಬು, ತೆಂಗು, ಅರಿಶಿನ, ಕರಾವಳಿಯವರು ಜೀಗುಜ್ಜೆ ಅನ್ನುವ ದೀವಿಹಲಸು. ಪತ್ರೊಡೆಗೆ ಎಲೆ ಕೊಡುವ ಕೆಸುವೇ ಹವಾಯಿಯ ಕಲೋ. ಅಲ್ಲಿ ಅದರ ಗೆಡ್ಡೆಯನ್ನು ಬೇಯಿಸಿ, ಜಜ್ಜಿ 'ಪೊಯಿ' ಮಾಡುತ್ತಾರೆ. ಹವಾಯಿಯ ಕಣಿವೆಗಳಲ್ಲಿ ಭತ್ತದ ಗದ್ದೆಯ ಹಾಗೆ ಬದು ಕಟ್ಟಿ, ಹರಿಯುವ ನೀರು ನಿಲ್ಲಿಸಿ ಬೆಳೆಯುವ ಕೆಸುಗದ್ದೆಗೆ ಲೋಯಿ ಅಂತ ಹೆಸರು.

ಗದ್ದೆಯಲ್ಲ, ಬೆದ್ದಲು

ಕಿರ್ಚ್ ಬರೆದ ಪುಸ್ತಕಗಳಲ್ಲಿ ನನಗೆ ಅತ್ಯುತ್ತಮ ಅನ್ನಿಸಿದ್ದು 1994ರ 'ದಿ ವೆಟ್ ಆ್ಯಂಡ್ ದಿ ಡ್ರೈ'. ಹೆಸರನ್ನು ಕನ್ನಡಕ್ಕೆ ತರೋದು ಸುಲಭ, ಯಾಕಂದ್ರೆ ನಮ್ಮ ಹಳೆಯ ಕಂದಾಯದ ಕಾಗದಗಳಲ್ಲೇ ಆ ಜೋಡಿ ಇದೆ: ತರಿ ಮತ್ತು ಖುಷ್ಕಿ.

ಈ ಪುಸ್ತಕದ ಎದುರಾಳಿ ಕಾರ್ಲ್ ವಿಟ್‌ಫೋಗೆಲ್. 1957ರಲ್ಲಿ ಅವರು ಮುಂದಿಟ್ಟ ವಾದ ಹೀಗೆ: ದೊಡ್ಡ ನೀರಾವರಿಗೆ ಸಾವಿರಾರು ಜನರನ್ನು ದುಡಿಸಬೇಕು, ಅದಕ್ಕೆ ಅಧಿಕಾರಿಗಳು ಬೇಕು, ಅಲ್ಲಿಂದಲೇ ನಿರಂಕುಶ ರಾಜ್ಯ ಹುಟ್ಟುತ್ತೆ. ಕಾಲುವೆ ಇದ್ದ ಕಡೆ ದೊರೆ.

ಕಿರ್ಚ್ ಇದನ್ನು ಪರೀಕ್ಷಿಸಿದ್ದು ಪೆಸಿಫಿಕ್ ಸಾಗರದ ಫುತುನಾ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ಎರಡು ಸಂಸ್ಥಾನಗಳು. ಸಿಗಾವೆ ಕಡೆ ಹೊಳೆಗಳಿವೆ, ಕೆಸುಗದ್ದೆಗಳಿವೆ. ಅಲೊ ಕಡೆ ಬಹುಪಾಲು ಒಣ ನೆಲ. ಅಲ್ಲಿ ಮಳೆ ನಂಬಿ ಗೆಡ್ಡೆಗೆಣಸು ಬೆಳೆಯಬೇಕು. ವಿಟ್‌ಫೋಗೆಲ್ ಪ್ರಕಾರ ಬಲಿಷ್ಠ ದೊರೆ ಸಿಗಾವೆಯಲ್ಲಿ ಹುಟ್ಟಬೇಕಿತ್ತು. ಆದರೆ ಇತಿಹಾಸದಲ್ಲಿ ಯುದ್ಧಕ್ಕೆ ಹೊರಟು ಮೇಲುಗೈ ಪಡೆದದ್ದು ಅಲೊ.

ಹವಾಯಿಯಲ್ಲೂ ಇದೇ ಮಾದರಿ ದೊಡ್ಡದಾಗಿ ಕಾಣುತ್ತೆ. ಕವಾಯಿ, ಒಆಹು ಹಳೆಯ ದ್ವೀಪಗಳು. ಹೊಳೆಗಳು ಕೊರೆದ ಕಣಿವೆಗಳು, ಅವುಗಳ ತುಂಬ ಲೋಯಿ. ಮಾವಿ ಮತ್ತು ಹವಾಯಿ ಎಂಬ ದೊಡ್ಡ ದ್ವೀಪ ವಯಸ್ಸಿನಲ್ಲಿ ಚಿಕ್ಕವು. ಅಲ್ಲಿ ಗಾಳಿಗೆ ಮರೆಯಾದ ಇಳಿಜಾರುಗಳಲ್ಲಿ, ನಮ್ಮ ಘಟ್ಟದ ಪೂರ್ವಕ್ಕೆ ಬಯಲುಸೀಮೆ ಇರುವ ಹಾಗೆ, ಮಳೆ ಕಡಿಮೆ, ಸಿಹಿಗೆಣಸೇ ಆಧಾರ. ಎಲ್ಲ ದ್ವೀಪಗಳನ್ನೂ ಒಂದು ಮಾಡಿದ ಕಮೆಹಮೆಹಾ ಬಂದದ್ದು ಈ ಒಣ ದ್ವೀಪದಿಂದ. ಅವನು ಒಆಹುವನ್ನು ಯುದ್ಧದಲ್ಲಿ ಗೆದ್ದ. 1810ರಲ್ಲಿ ಕವಾಯಿ ತಲೆಬಾಗಿತು.

ಕಾರಣ ಏನು ಅಂತ ಕಿರ್ಚ್ ಕೊಡುವ ವಿವರಣೆ ರೈತನಿಗೆ ಅರ್ಥವಾಗುವಂಥದ್ದು. ಲೋಯಿ ಒಮ್ಮೆ ಕಟ್ಟಿದರೆ ಅದು ಆಸ್ತಿ. ತಲೆಮಾರುಗಳ ತನಕ ಕಡಿಮೆ ದುಡಿಮೆಗೆ ಹೆಚ್ಚು ಫಸಲು. ಒಣ ಹೊಲ ಹಾಗಲ್ಲ. ಹೆಚ್ಚು ಬೇಕಂದ್ರೆ ಪ್ರತಿ ವರ್ಷ ಹೆಚ್ಚು ಕಳೆ ಕೀಳಬೇಕು, ಹೊದಿಕೆ ಹಾಕಬೇಕು, ಪಾಳು ಬಿಡುವ ಕಾಲ ಕಡಿಮೆ ಮಾಡಬೇಕು. ಬರ ಬಂದರೆ ಎಲ್ಲ ಹೋಯ್ತು. ಹೀಗೆ ಅಸ್ಥಿರವಾದ ನೆಲದ ಮೇಲೆ ಕೂತ ಒಡೆಯನಿಗೆ ಪಕ್ಕದವರ ಒದ್ದೆ ಕಣಿವೆ ಮೇಲೆ ಕಣ್ಣು.

ಇದು ಬರೀ ಊಹೆಯಾಗಿ ಉಳಿಯಲಿಲ್ಲ ಅನ್ನೋದು ಈ ವೃತ್ತಿಜೀವನದ ದೊಡ್ಡ ಗೆಲುವು. ಮುಂದೆ ಕಿರ್ಚ್, ಥೆಗ್ನ್ ಲೇಡಿಫೋಗೆಡ್, ಪರಿಸರ ವಿಜ್ಞಾನಿ ಪೀಟರ್ ವಿಟೋಸೆಕ್, ಮಣ್ಣುತಜ್ಞ ಆಲಿವರ್ ಚಾಡ್ವಿಕ್, ಜನಸಂಖ್ಯಾ ತಜ್ಞ ಶ್ರೀಪಾದ್ ತುಳಜಾಪುರ್ಕರ್ ಮೊದಲಾದವರು ಒಂದೇ ತಂಡವಾಗಿ ಕೆಲಸ ಮಾಡಿದರು. ದೊಡ್ಡ ದ್ವೀಪದ ಕೊಹಾಲಾದಲ್ಲಿ ಸುಮಾರು 60 ಚದರ ಕಿ.ಮೀ. ಹರಡಿದ ಹಳೆಯ ಹೊಲಗಳ ಬದುಗಳು ಇವತ್ತಿಗೂ ಕಾಣುತ್ತವೆ. ಆ ಹೊಲಗಳು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತವೆ ಅನ್ನೋದನ್ನು ಮಣ್ಣೇ ನಿರ್ಧರಿಸಿದೆ. ಕೆಳಗಿನ ಅಂಚಿನಲ್ಲಿ ಮಳೆ ಸಾಲದು. ಮೇಲಿನ ಅಂಚಿನಲ್ಲಿ ಮಳೆ ಅತಿಯಾಗಿ ಮಣ್ಣಿನ ಸತ್ವ ತೊಳೆದುಹೋಗಿದೆ. ಮಧ್ಯದ ಪಟ್ಟಿಯಲ್ಲಿ ಎರಡೂ ಸಾಕಷ್ಟು. ಹವಾಯಿಯ ರೈತರು ಪ್ರಯೋಗಾಲಯ ಇಲ್ಲದೆ ಆ ಪಟ್ಟಿಯನ್ನು ಗುರುತಿಸಿದ್ದರು. 2004ರಲ್ಲಿ ಈ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನವನ್ನು, ಮಣ್ಣಿನ ಅಂಕಿಗಳಿಂದ ಸಮಾಜದ ಬಗ್ಗೆ ಏನಾದರೂ ಹೇಳಬೇಕು ಅನ್ನುವವರಿಗೆಲ್ಲ ನಾನು ಓದಲು ಕೊಡುತ್ತೇನೆ.

ಗಡಿಯಾರ ಬದಲಾದಾಗ

ಈಗ ಆ ಏಳುನೂರು ವರ್ಷಗಳಿಗೆ ಬರೋಣ.

1950ರಲ್ಲಿ ಬಿಷಪ್ ಮ್ಯೂಸಿಯಂನ ಕೆನೆತ್ ಎಮೊರಿ ಒಆಹು ದ್ವೀಪದ ಕುಲಿಯೊಉಒಉ ಬಂಡೆಯಾಸರೆಯಲ್ಲಿ ಸಿಕ್ಕ ಇದ್ದಿಲನ್ನು ವಿಲ್ಲರ್ಡ್ ಲಿಬ್ಬಿ ಅವರ ಹೊಸ ರೇಡಿಯೋಕಾರ್ಬನ್ ಪ್ರಯೋಗಾಲಯಕ್ಕೆ ಕಳಿಸಿದರು. ಬಂದ ಉತ್ತರ ಕ್ರಿ.ಶ. 1004, ಹೆಚ್ಚುಕಡಿಮೆ 180 ವರ್ಷ. ಪಾಲಿನೇಷಿಯಾದ ಮೊದಲ ರೇಡಿಯೋಕಾರ್ಬನ್ ತಾರೀಖು ಅದು. ಆಮೇಲಿನ ದಶಕಗಳಲ್ಲಿ ಇನ್ನೂ ಹಳೆಯ ತಾರೀಖುಗಳು ಬಂದವು. ಒಆಹುವಿನ ಬೆಲ್ಲೋಸ್ ಮರಳುದಿಬ್ಬ, ಮೊಲೊಕಾಯಿಯ ಹಾಲಾವಾ ಕಣಿವೆಯ ದಿಬ್ಬ ಎರಡೂ ಮೊದಲ ವಲಸಿಗರ ಊರುಗಳೆಂದು ಹೆಸರಾದವು. ಎರಡೂ ಕಡೆಯ ಕೆಲಸದಲ್ಲಿ ಯುವ ಕಿರ್ಚ್ ಇದ್ದರು.

ಸಮಸ್ಯೆ ಇದ್ದದ್ದು ಇದ್ದಿಲಿನಲ್ಲಿ. ರೇಡಿಯೋಕಾರ್ಬನ್ ಹೇಳೋದು ಮರದ ಆ ಭಾಗ ಬೆಳೆದದ್ದು ಯಾವಾಗ ಅಂತ. ಬೆಂಕಿ ಹಾಕಿದ್ದು ಯಾವಾಗ ಅಂತ ಅಲ್ಲ. ಮುನ್ನೂರು ವರ್ಷದ ಮರದ ತಿರುಳನ್ನೋ, ಸಮುದ್ರದಲ್ಲಿ ತೇಲಿ ಬಂದ ದಿಮ್ಮಿಯನ್ನೋ ಸುಟ್ಟರೆ ಒಲೆಗೆ ಸಿಗುವ ವಯಸ್ಸು ಅಡುಗೆಯದ್ದಲ್ಲ, ಮರದ್ದು. ಇದಕ್ಕೆ ಪರಿಹಾರ ಸಣ್ಣ ಕಡ್ಡಿ, ಬೀಜ, ಕುಕುಯಿ ಕಾಯಿಯ ಚಿಪ್ಪು: ಒಂದೆರಡು ವರ್ಷ ಮಾತ್ರ ಬದುಕಿದ ವಸ್ತುಗಳು. ಹಾಗೆ ಆರಿಸಿ ಮತ್ತೆ ಅಳೆದಾಗ ಹಳೆಯ ತಾರೀಖುಗಳು ಕುಸಿದವು. 2011ರಲ್ಲಿ ಜ್ಯಾನೆಟ್ ವಿಲ್ಮ್ಸ್‌ಹರ್ಸ್ಟ್ ಮತ್ತು ಸಂಗಡಿಗರು 1,434 ತಾರೀಖುಗಳನ್ನು ಶೋಧಿಸಿ, ಹವಾಯಿ ಸೇರಿದಂತೆ ದೂರದ ದ್ವೀಪಗಳಿಗೆ ಜನ ಹೋದದ್ದು 1190ರಿಂದ 1290ರ ನಡುವೆ ಅಂದರು. 2014ರಲ್ಲಿ ಸ್ಟೀಫನ್ ಏತೆನ್ಸ್ ತಂಡ ಕೆಸರಿನ ಪದರಗಳ ಪುರಾವೆಯನ್ನೂ ಸೇರಿಸಿ ಹವಾಯಿಗೆ 940ರಿಂದ 1130 ಅಂದಿತು. ಎಮೊರಿಯವರ ಮೊದಲ ಉತ್ತರವೇ ಗುರಿಯ ಹತ್ತಿರ ಇತ್ತು!

ಇಲ್ಲಿ ಕಿರ್ಚ್ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಹಾಲಾವಾ ದಿಬ್ಬವನ್ನು 2007ರಲ್ಲಿ ಮಾರ್ಕ್ ಮೆಕಾಯ್ ಜೊತೆ ಮತ್ತೆ ಅಳೆದು, ತಾನು ಹುಡುಗನಾಗಿ ಅಗೆದ ಜಾಗ ಹಲವು ಶತಮಾನ ಈಚಿನದು ಅಂತ ಬರೆದವರು ಅವರೇ. ತನ್ನ ಹೆಸರು ಮಾಡಿದ ತಾರೀಖನ್ನು ತಾನೇ ಅಳಿಸುವವರು ಯಾವ ಕ್ಷೇತ್ರದಲ್ಲೂ ಕಡಿಮೆ. 2023ರಲ್ಲಿ ಮೆಕಾಯ್ ಜೊತೆಗೇ 'ಫೆದರ್ಡ್ ಗಾಡ್ಸ್' ಪುಸ್ತಕದ ಪರಿಷ್ಕೃತ ಆವೃತ್ತಿಯನ್ನೂ ತಂದರು.

ಆದರೆ ತಾರೀಖು ತಿದ್ದೋದು ಒಂದು, ಕಥೆ ತಿದ್ದೋದು ಇನ್ನೊಂದು. 1984ರ 'ಎವಲ್ಯೂಷನ್ ಆಫ್ ದಿ ಪಾಲಿನೇಷಿಯನ್ ಚೀಫ್‌ಡಮ್ಸ್'ನಿಂದ 2010ರ 'ಹೌ ಚೀಫ್ಸ್ ಬಿಕೇಮ್ ಕಿಂಗ್ಸ್' ತನಕ ಮೂಲ ಕಥೆ ಹೆಚ್ಚು ಬದಲಾಗಿಲ್ಲ. ಜನ ಹೆಚ್ಚಿದರು, ಒದ್ದೆ ನೆಲ ಮುಗಿಯಿತು, ಒಣ ನೆಲಕ್ಕೆ ಹೋದರು, ದುಡಿಮೆ ಹೆಚ್ಚಿತು, ಒಡೆಯರು ಪೈಪೋಟಿಗೆ ಬಿದ್ದರು, ಕೊನೆಗೆ ದೇವರ ಅಂಶವೆನಿಸಿಕೊಂಡ ರಾಜರು ಬಂದರು. ಮೊದಲ ಪುಸ್ತಕದಲ್ಲಿ ಇದಕ್ಕೆಲ್ಲ ಸಾವಿರದ ನಾನೂರು ವರ್ಷಕ್ಕೂ ಹೆಚ್ಚು ಸಮಯ ಇತ್ತು. ಈಗ ಏಳೆಂಟುನೂರು.

ಲೆಕ್ಕ ಹಾಕಿ ನೋಡೋಣ, ನನ್ನ ಕಸುಬೇ ಅದು. ನೂರು ಜನ ಬಂದಿಳಿದರು ಅಂತ ಇಟ್ಟುಕೊಳ್ಳಿ. 1778ರಲ್ಲಿ ಕ್ಯಾಪ್ಟನ್ ಕುಕ್ ಬಂದಾಗ ಎಷ್ಟು ಜನ ಇದ್ದರು ಅನ್ನೋದರ ಬಗ್ಗೆ ಜಗಳವೇ ಇದೆ. ಕೆಲವರು ಮೂರು ಲಕ್ಷ ಅನ್ನುತ್ತಾರೆ; 1989ರಲ್ಲಿ ಡೇವಿಡ್ ಸ್ಟ್ಯಾನರ್ಡ್ ಎಂಟು ಲಕ್ಷ ಅಂದರು. ಮಧ್ಯದ ನಾಲ್ಕು ಲಕ್ಷ ತಗೊಳ್ಳಿ. ಕ್ರಿ.ಶ. 300ರಿಂದ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 0.56 ಬೆಳವಣಿಗೆ ಸಾಕು. ಜನಸಂಖ್ಯೆ ದುಪ್ಪಟ್ಟಾಗಲು ಸುಮಾರು 124 ವರ್ಷ. ಕ್ರಿ.ಶ. 1000ದಿಂದ ಅಂದ್ರೆ ಶೇ. 1.07, ದುಪ್ಪಟ್ಟಾಗಲು 65 ವರ್ಷ. ಬೆಳವಣಿಗೆ 1650ಕ್ಕೇ ನಿಂತಿತು ಅಂದುಕೊಂಡರೆ ಶೇ. 1.28 ಬೇಕು. ಖಾಲಿ ನೆಲ, ಕಡಿಮೆ ರೋಗ ಇದ್ದ ದ್ವೀಪದಲ್ಲಿ ಇದು ಅಸಾಧ್ಯ ಅಲ್ಲ. ಆದರೆ ಇದು ಬೇರೆಯೇ ಸಮಾಜ. ಅಜ್ಜನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಕಣಿವೆಯ ಜನ ದುಪ್ಪಟ್ಟಾಗಿರೋದು ಕಣ್ಣಿಗೆ ಕಾಣುತ್ತೆ. ಅಂಥ ಊರಿನಲ್ಲಿ ಹೊಸ ನೆಲ ಹುಡುಕೋದು ಹೊಟ್ಟೆಯ ಒತ್ತಡವೋ, ಅಥವಾ ಬೆಳೆಯುವ ಜನಬಲವನ್ನು ಕಂಡ ಒಡೆಯನ ಮಹತ್ವಾಕಾಂಕ್ಷೆಯೋ?

2010ರ ಪುಸ್ತಕದಲ್ಲಿ ಕಿರ್ಚ್ ಇದಕ್ಕೆ ಎರಡು ಹಂತದ ಉತ್ತರ ಕೊಡುತ್ತಾರೆ. ಜನಸಂಖ್ಯೆ, ಬೇಸಾಯ ಮೂಲ ಕಾರಣ. ಒಡೆಯರ ಪೈಪೋಟಿ, ಯುದ್ಧ, ಧರ್ಮ ಹತ್ತಿರದ ಕಾರಣ. ಕೇಳಲು ಚೆನ್ನಾಗಿದೆ. ಆದರೆ ಹೀಗೆ ಹಂಚಿಬಿಟ್ಟರೆ ಯಾವ ಪುರಾವೆ ಬಂದರೂ ಸಿದ್ಧಾಂತ ಸೋಲೋದಿಲ್ಲ. ಜನ ಹೆಚ್ಚಿದ ಪುರಾವೆ ಸಿಕ್ಕರೆ ಅದು ಮೂಲ ಕಾರಣದ ಪೆಟ್ಟಿಗೆಗೆ. ರಾಜಕೀಯದ ಪುರಾವೆ ಸಿಕ್ಕರೆ ಹತ್ತಿರದ ಪೆಟ್ಟಿಗೆಗೆ. ಎರಡು ಗಡಿಯಾರಕ್ಕೂ ಹೊಂದಿಕೊಳ್ಳುವ ಮಾಡೆಲ್ ಬಗ್ಗೆ ನಮ್ಮಂಥವರು ಕೇಳುವ ಮೊದಲ ಪ್ರಶ್ನೆ, ಇದು ತಪ್ಪು ಅಂತ ತೋರಿಸಲು ಏನು ಸಿಗಬೇಕು? ಅದಕ್ಕೆ ನೇರ ಉತ್ತರ ಈ ಪುಸ್ತಕಗಳಲ್ಲಿ ನನಗೆ ಸಿಗಲಿಲ್ಲ.

ಹವಳದ ಸಾಕ್ಷಿ

ವಿಚಿತ್ರ ಏನಂದ್ರೆ, ಆ ಉತ್ತರಕ್ಕೆ ಬೇಕಾದ ಅತ್ಯಂತ ನಿಖರ ಪುರಾವೆ ಕಿರ್ಚ್ ಅವರ ಕೈಯಲ್ಲೇ ಇದೆ. ಮಾವಿಯ ಆಗ್ನೇಯ ತೀರದ ಕಹಿಕಿನುಯಿ ಒಣಗಿದ, ಕಲ್ಲು ತುಂಬಿದ ಸೀಮೆ. ಅಲ್ಲಿಯ ಹೆಯಾವು ಎಂಬ ಕಲ್ಲಿನ ದೇಗುಲಗಳಲ್ಲಿ ಜನ ಕಾಣಿಕೆಯಾಗಿ ಇಟ್ಟ ಹವಳದ ಕೊಂಬೆಗಳು ಸಿಕ್ಕವು. ಸಮುದ್ರದಿಂದ ಜೀವಂತವಾಗಿ ಮುರಿದು ತಂದ ಹವಳದ ವಯಸ್ಸನ್ನು ಯುರೇನಿಯಂ-ಥೋರಿಯಂ ವಿಧಾನದಿಂದ ಕೆಲವೇ ವರ್ಷಗಳ ವ್ಯತ್ಯಾಸದೊಳಗೆ ಹೇಳಬಹುದು. ಅದೇ ಕಾಲಕ್ಕೆ ರೇಡಿಯೋಕಾರ್ಬನ್ ಕೊಡುವ ಅನಿಶ್ಚಿತತೆ ಕೆಲವೊಮ್ಮೆ ನೂರು ವರ್ಷ ಮೀರುತ್ತೆ. 2005ರಲ್ಲಿ ಕಿರ್ಚ್ ಮತ್ತು ವಾರೆನ್ ಶಾರ್ಪ್ ಪ್ರಕಟಿಸಿದ ಫಲಿತಾಂಶದಲ್ಲಿ ದೇಗುಲಗಳು 1580ರಿಂದ 1640ರ ಸುತ್ತ ಗುಂಪುಗೂಡಿದ್ದವು. ಮುಂದೆ ಹೆಚ್ಚು ಮಾದರಿಗಳು ಬಂದಾಗ ಆ ಅವಧಿ ಹಿಗ್ಗಿತು, ಆದರೂ ಕಟ್ಟಡದ ಭರಾಟೆ ಸೀಮಿತ ಕಾಲದ್ದೇ.

ಇದೇ ಹೊತ್ತಿಗೆ ಮಾವಿಯಲ್ಲಿ ಪಿಯಿಲಾನಿ ವಂಶ ಇಡೀ ದ್ವೀಪವನ್ನು ಒಂದು ಆಳ್ವಿಕೆಗೆ ತಂದ ಕಥೆ ಹವಾಯಿಯ ವಂಶಾವಳಿಗಳಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಯಾಮ್ಯುಯೆಲ್ ಕಮಕಾವು, ಡೇವಿಡ್ ಮಾಲೊ ಮೊದಲಾದ ಹವಾಯಿಯರೇ ಅವನ್ನು ಬರೆದಿಟ್ಟರು. ಮಣ್ಣಿನ ಮನುಷ್ಯನಾದ ಕಿರ್ಚ್ ನಿಧಾನವಾಗಿ ಈ ಕಥೆಗಳನ್ನು ಪುರಾಣ ಅಂತ ಬದಿಗಿಡದೆ ಸಾಕ್ಷಿಯಾಗಿ ಓದಲು ಶುರುಮಾಡಿದರು. 2012ರ 'ಎ ಶಾರ್ಕ್ ಗೋಯಿಂಗ್ ಇನ್‌ಲ್ಯಾಂಡ್ ಈಸ್ ಮೈ ಚೀಫ್' ಆ ಬದಲಾವಣೆಯ ಫಲ. ಅಲ್ಲಿ ರಾಜರಿಗೆ ಹೆಸರಿದೆ, ಕೋಪ ಇದೆ, ಅಣ್ಣತಮ್ಮಂದಿರ ಜಗಳ ಇದೆ.

ಆದರೆ ದೇಗುಲಗಳು ಒಂದೆರಡು ಆಳ್ವಿಕೆಗಳಲ್ಲಿ ಎದ್ದು ನಿಂತವು ಅಂದ್ರೆ, ಅದನ್ನು ನಿಧಾನವಾಗಿ ಏರುವ ಜನಸಂಖ್ಯೆಯ ರೇಖೆಯಿಂದ ವಿವರಿಸಲು ಆಗೋದಿಲ್ಲ. ಅದು ಯಾರೋ ಒಬ್ಬರು ಮಾಡಿದ ತೀರ್ಮಾನ. ಹವಾಯಿಯ ಇತಿಹಾಸದಲ್ಲಿ ತೀರ್ಮಾನ ಮಾಡುವ ಮನುಷ್ಯರಿದ್ದರು ಅಂತ ಹವಳ ಹೇಳುತ್ತಿದೆ. ಕಿರ್ಚ್ ಇದನ್ನು ಕೇಳಿಸಿಕೊಂಡು, ಮತ್ತೆ ಹತ್ತಿರದ ಕಾರಣದ ಪೆಟ್ಟಿಗೆಗೆ ಹಾಕುತ್ತಾರೆ.

ಒಂದು ಪದ ಹೇಳುವ ಕಥೆ

ಭಾಷೆ ಕಲಿಯುತ್ತಿರುವ ಓದುಗರಿಗೆ ಬಹುಶಃ ಹೆಚ್ಚು ಖುಷಿ ಕೊಡೋದು ರೋಜರ್ ಗ್ರೀನ್ ಜೊತೆ ಬರೆದ 2001ರ 'ಹವಾಯಿಕಿ'. ಪುರಾತತ್ವ, ಭಾಷಾಶಾಸ್ತ್ರ, ಜನಜೀವನದ ಹೋಲಿಕೆ ಮೂರನ್ನೂ ಸೇರಿಸಿ, ಸುಮಾರು 2,500 ವರ್ಷ ಹಿಂದೆ ಟೋಂಗಾ-ಸಮೋವಾ ಸುತ್ತ ಬದುಕಿದ ಮೂಲ ಸಮಾಜವನ್ನು ಅದು ಮತ್ತೆ ಕಟ್ಟುತ್ತೆ. ಸಮೋವಾದ ತಲೊ, ಮಾವೊರಿಯ ತರೊ, ಹವಾಯಿಯ ಕಲೋ ಒಂದೇ ಪದ. ಮನೆಗೆ ಫಲೆ, ಫರೆ, ಹಲೆ. ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾದದ್ದು ಗೊತ್ತಿದ್ದವರಿಗೆ ಈ ಆಟ ಹೊಸದಲ್ಲ.

ಇದೇ ವಿಧಾನದ ಅತ್ಯಂತ ಚೂಪಾದ ಉಪಯೋಗ ರಾಜರ ಬಗ್ಗೆ ಬರೆದ ಪುಸ್ತಕದಲ್ಲಿದೆ. ಮೂಲ ಭಾಷೆಯಲ್ಲಿ 'ಕಾಯಿನಂಗಾ' ಅಂದ್ರೆ ನೆಲದ ಹಕ್ಕಿದ್ದ ಕುಲ. ಹವಾಯಿಯಲ್ಲಿ ಅದೇ ಪದದಿಂದ ಬಂದದ್ದು 'ಮಕಾಆಯಿನಾನಾ', ಅರ್ಥ ಸಾಮಾನ್ಯ ಪ್ರಜೆ. ಕುಲಕ್ಕೆ ಸೇರಿದ ನೆಲದೊಡೆಯ ಒಕ್ಕಲಾಗಿ ಇಳಿದ ಇಡೀ ಕಥೆ ಒಂದು ಪದದೊಳಗೆ ಕೂತಿದೆ. ನೂರಾರು ತಾರೀಖುಗಳಿಗಿಂತ ಈ ಒಂದು ಪದ ನನಗೆ ಹೆಚ್ಚು ಮನವರಿಕೆ ಮಾಡಿಸಿತು. ಕಳೆದುಕೊಂಡವರ ಕಡೆಯಿಂದ ರಾಜ್ಯದ ಹುಟ್ಟನ್ನು ತೋರಿಸುವ ಪುರಾವೆ ಇದು, ಮತ್ತು ಕಿರ್ಚ್ ಬರಹದಲ್ಲಿ ಆ ಕಡೆ ಸಾಮಾನ್ಯವಾಗಿ ಕಾಣೋದಿಲ್ಲ.

ದ್ವೀಪ ಪ್ರಯೋಗಾಲಯವೇ?

ಕಿರ್ಚ್ ಮತ್ತು ಅವರ ತಂಡ ಮತ್ತೆ ಮತ್ತೆ ಬಳಸುವ ಮಾತು, ದ್ವೀಪಗಳು ಮಾದರಿ ವ್ಯವಸ್ಥೆಗಳು. ಜೀವಶಾಸ್ತ್ರಜ್ಞರಿಗೆ ಹಣ್ಣಿನ ನೊಣ ಇದ್ದ ಹಾಗೆ. ಇದರ ಪ್ರಸಿದ್ಧ ಉದಾಹರಣೆ ಟಿಕೊಪಿಯಾ ಮತ್ತು ಮಂಗಾಯಿಯಾ ಜೋಡಿ. ಟಿಕೊಪಿಯಾ ಸುಮಾರು 4.6 ಚದರ ಕಿ.ಮೀ. ದ್ವೀಪ. 1977-78ರಲ್ಲಿ ಡಗ್ಲಸ್ ಯೆನ್ ಜೊತೆ ಕಿರ್ಚ್ ಅಲ್ಲಿ ಅಗೆದು ತೋರಿಸಿದ್ದು ದೊಡ್ಡ ಕೆಲಸ. ಮೊದಮೊದಲು ಕಾಡು ಸುಟ್ಟು, ಹಕ್ಕಿಗಳನ್ನು ಮುಗಿಸಿದ ಜನ, ಆಮೇಲೆ ಇಡೀ ದ್ವೀಪವನ್ನೇ ಮರಬೆಳೆಗಳ ತೋಟ ಮಾಡಿಕೊಂಡರು. ಹಂದಿಗಳನ್ನು ಸಾಕೋದನ್ನೇ ಬಿಟ್ಟರು. 1928-29ರಲ್ಲಿ ರೇಮಂಡ್ ಫರ್ತ್ ಹೋದಾಗ ಅಲ್ಲಿ ಸುಮಾರು 1,200 ಜನ ನೆಮ್ಮದಿಯಾಗಿ ಬದುಕುತ್ತಿದ್ದರು. ಮಂಗಾಯಿಯಾ ಅದಕ್ಕಿಂತ ಹತ್ತು ಪಟ್ಟು ದೊಡ್ಡದು, ಆದರೆ ಅಲ್ಲಿ ಗುಡ್ಡಗಳು ಬೋಳಾಗಿ, ಚೂರು ಕೆಸುಗದ್ದೆಗಳಿಗಾಗಿ ಯುದ್ಧದ ಮೇಲೆ ಯುದ್ಧ. ಜಾರೆಡ್ ಡೈಮಂಡ್ 2005ರ 'ಕೊಲ್ಯಾಪ್ಸ್'ನಲ್ಲಿ ಟಿಕೊಪಿಯಾವನ್ನು ಗೆದ್ದ ಸಮಾಜದ ಮಾದರಿಯಾಗಿ ಜಗತ್ತಿಗೆಲ್ಲ ಪರಿಚಯಿಸಿದರು.

ಆದರೆ ಎರಡು ದ್ವೀಪ ಅಂದ್ರೆ ಎರಡೇ ಮಾದರಿ. ಟಿಕೊಪಿಯಾದ ಜ್ವಾಲಾಮುಖಿ ಮಣ್ಣು ಎಳೆಯದು, ಸತ್ವವುಳ್ಳದ್ದು. ಮಂಗಾಯಿಯಾದ್ದು ಮುದಿ ಮಣ್ಣು. ಒಮ್ಮೆ ಕಾಡು ಹೋದರೆ ಮತ್ತೆ ಬರೋದು ಕಷ್ಟ. ಇದನ್ನು ಕಿರ್ಚ್ ಸ್ವತಃ ಬರೆದಿದ್ದಾರೆ. ಹಾಗಿರುವಾಗ ಎಷ್ಟು ಪಾಲು ಜನರ ವಿವೇಕ, ಎಷ್ಟು ಪಾಲು ಮಣ್ಣಿನ ಅದೃಷ್ಟ ಅಂತ ಬೇರ್ಪಡಿಸಲು ಆಗೋದಿಲ್ಲ. ಇನ್ನೊಂದು ಸಂಗತಿ, ಟಿಕೊಪಿಯಾದ ಆ ಸಮತೋಲನದ ಬೆಲೆಯಲ್ಲಿ ಶಿಶುಹತ್ಯೆಯೂ ಇತ್ತು, ವಾಪಸ್ ಬಾರದ ಸಮುದ್ರಯಾನಕ್ಕೆ ಹೊರಟ ಯುವಕರೂ ಇದ್ದರು. ಸುಸ್ಥಿರತೆ ಅನ್ನೋ ಪದದ ಕೆಳಗೆ ಇವರೆಲ್ಲ ಸುಲಭವಾಗಿ ಮುಚ್ಚಿಹೋಗುತ್ತಾರೆ. ಹಣ್ಣಿನ ನೊಣ ತನ್ನ ಬಗ್ಗೆ ಬರೆದದ್ದನ್ನು ಓದೋದಿಲ್ಲ. ಹವಾಯಿಯರು ಓದುತ್ತಾರೆ, ಆಕ್ಷೇಪಿಸುತ್ತಾರೆ, ತಾವೇ ಪುರಾತತ್ವಜ್ಞರೂ ಆಗುತ್ತಾರೆ. ಕಿರ್ಚ್ ಆತ್ಮಕಥೆ ಬಂದ ವರ್ಷವೇ ಕ್ಯಾಥ್ಲೀನ್ ಕವೆಲು ಬರೆದ 'ಕುಲಿಯಾನಾ ಆ್ಯಂಡ್ ಕಮಿಟ್‌ಮೆಂಟ್' ಬಂತು. ಅಗೆಯುವವರಿಗೆ ಆ ನೆಲದ ಮಕ್ಕಳ ಕಡೆಗೆ ಇರುವ ಹೊಣೆಯ ಬಗ್ಗೆ ಅದು ಮಾತಾಡುತ್ತೆ. ಎರಡನ್ನೂ ಒಟ್ಟಿಗೆ ಓದಬೇಕು. ಕಹಿಕಿನುಯಿಯಲ್ಲಿ ಕಿರ್ಚ್, ಆ ನೆಲಕ್ಕೆ ವಾಪಸ್ ಹೋಗಲು ಹೋರಾಡಿದ 'ಕಾ ಒಹಾನಾ ಒ ಕಹಿಕಿನುಯಿ' ಕುಟುಂಬಗಳ ಜೊತೆ ಒಡನಾಡಿದರು. 2014ರ 'ಕುವಾಆಯಿನಾ ಕಹಿಕೊ' ಅವರ ಪುಸ್ತಕಗಳಲ್ಲಿ ಅತ್ಯಂತ ಬೆಚ್ಚಗಿರೋದು ಬಹುಶಃ ಅದಕ್ಕೇ.

ಇದರಿಂದ ಯಾರಿಗೆ ಏನು

ಇದೆಲ್ಲ ಪಂಡಿತರ ಜಗಳ ಅಂದುಕೊಳ್ಳಬೇಡಿ. 1853ರ ಜನಗಣತಿ ಹೊತ್ತಿಗೆ ಮೂಲ ಹವಾಯಿಯರು ಸುಮಾರು 70 ಸಾವಿರಕ್ಕೆ ಇಳಿದಿದ್ದರು. ಕುಕ್ ಬಂದಾಗ ಮೂರು ಲಕ್ಷ ಇದ್ದರೋ ಎಂಟು ಲಕ್ಷವೋ ಅನ್ನೋದು ಎಷ್ಟು ಜನರನ್ನು ಕಳೆದುಕೊಂಡೆವು ಅನ್ನುವ ಪ್ರಶ್ನೆಯೂ ಹೌದು. ಹವಾಯಿಯ ಕಾನೂನಿನಲ್ಲಿ ಒಂದು ಬಗೆಯ ನೀರಿನ ಹಕ್ಕು, 1848ರಲ್ಲಿ ಶುರುವಾದ ಮಹೆಲೆ ಭೂವಿಂಗಡಣೆಯ ಕಾಲದಲ್ಲಿ ಆ ತುಂಡು ನೆಲದಲ್ಲಿ ಕಲೋ ಬೆಳೆಯುತ್ತಿದ್ದರಾ ಅನ್ನೋದರ ಮೇಲೆ ನಿಂತಿದೆ. ಅಂದ್ರೆ ಹಳೆಯ ಬದು, ಹಳೆಯ ಕಾಲುವೆ, ಹಳೆಯ ದಾಖಲೆ ಇವತ್ತಿನ ಮೊಕದ್ದಮೆಗಳ ಸಾಕ್ಷಿ. ಮಾರ್ಷಲ್ ಸಾಲಿನ್ಸ್ ಜೊತೆ 1992ರಲ್ಲಿ ಪ್ರಕಟಿಸಿದ 'ಅನಹುಲು' ಸಂಪುಟಗಳಲ್ಲಿ ಕಿರ್ಚ್ ತೋರಿಸಿದ್ದು, ಒಆಹುವಿನ ಆ ಕಣಿವೆಯ ಮೇಲ್ಭಾಗದ ಕೆಸುಗದ್ದೆಗಳು ಪುರಾತನವಲ್ಲ. 1804ರಲ್ಲಿ ಕಮೆಹಮೆಹಾನ ಸೈನ್ಯ ಬಂದಮೇಲೆ ಕಟ್ಟಿದ್ದು. ತಾರೀಖಿನ ನಿಖರತೆ ಎಷ್ಟು ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತೆ.

ಆಹಾರದ ಮಾತಿಗೆ ಬಂದರೆ, ಇವತ್ತು ಹವಾಯಿ ತಿನ್ನುವುದರಲ್ಲಿ ಶೇ. 85ರಿಂದ 90ರಷ್ಟು ಹಡಗಿನಲ್ಲಿ ಬರುತ್ತೆ ಎಂಬ ಅಂದಾಜು ಸಾಮಾನ್ಯ. ಕಿರ್ಚ್ ಮತ್ತು ಲೇಡಿಫೋಗೆಡ್ ತಂಡ 2009ರಲ್ಲಿ ಮಾಡಿದ ಒದ್ದೆ-ಒಣ ನೆಲದ ನಕ್ಷೆಯಂಥ ಕೆಲಸದ ಮುಂದುವರಿಕೆಯಾಗಿ, ನ್ಯಾಟಲಿ ಕುರಾಶಿಮಾ ಮತ್ತು ಸಂಗಡಿಗರು 2019ರಲ್ಲಿ ಲೆಕ್ಕ ಹಾಕಿದರು: ಹಳೆಯ ಬೇಸಾಯ ಪದ್ಧತಿಗಳು ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಆಹಾರ ಬೆಳೆಯಬಲ್ಲವು. ದೀವಿಹಲಸಿನ ತೋಪಿಗೆ ಹೆಸರಾಗಿದ್ದ ಲಹೈನಾದ ನೀರನ್ನು ಕಬ್ಬಿನ ತೋಟಗಳು ತಿರುಗಿಸಿಕೊಂಡವು. ತೋಟ ಮುಚ್ಚಿದ ಮೇಲೆ ಒಣ ಹುಲ್ಲು ಬೆಳೆಯಿತು. 2023ರ ಆಗಸ್ಟ್‌ನಲ್ಲಿ ಊರು ಸುಟ್ಟು ಸುಮಾರು ನೂರು ಜನ ಸತ್ತರು. ಗಾಳಿ, ವಿದ್ಯುತ್ ತಂತಿ ಬೇರೆ ಕಾರಣಗಳೂ ಇದ್ದವು. ಆದರೂ ಒಂದು ಕಾಲದಲ್ಲಿ ಆ ನೆಲ ಒದ್ದೆಯಾಗಿತ್ತು ಅಂತ ತಿಳಿದಿರೋದು ಅಲ್ಲಿ ಮತ್ತೆ ಮನೆ ಕಟ್ಟುತ್ತಿರುವವರಿಗೆ ಬೇಕಾದ ಜ್ಞಾನ.

ಹೊಸಬರು ಎಲ್ಲಿಂದ ಶುರುಮಾಡಬೇಕು ಅಂತ ಕೇಳಿದರೆ, ಕಥೆ ಬೇಕಾದವರಿಗೆ 'ಎ ಶಾರ್ಕ್ ಗೋಯಿಂಗ್ ಇನ್‌ಲ್ಯಾಂಡ್'. ವಾದ ಬೇಕಾದವರಿಗೆ 'ದಿ ವೆಟ್ ಆ್ಯಂಡ್ ದಿ ಡ್ರೈ'. ಆತ್ಮಕಥೆಯನ್ನು ಕೊನೆಗೆ ಇಟ್ಟುಕೊಳ್ಳಿ, ಮತ್ತು ಅದನ್ನು ಓದುವಾಗ ಪ್ರತಿ ಅಧ್ಯಾಯಕ್ಕೂ ಒಂದು ಪ್ರಶ್ನೆ ಕೇಳಿ: ಇಲ್ಲಿ ಅಳತೆ ಎಷ್ಟು, ಆ ಅಳತೆಯ ಮೇಲೆ ಕಟ್ಟಿದ ಕಥೆ ಎಷ್ಟು? ಜನಸಂಖ್ಯೆ ಹೆಚ್ಚಿದ್ದರಿಂದ ರಾಜರು ಬಂದರು ಎಂಬ ಕಿರ್ಚ್ ಕಥೆಯನ್ನು ಮುಂದಿನವರು ಬದಲಿಸಬಹುದು. ಅದನ್ನು ಬದಲಿಸಲು ಬೇಕಾದ ಬದುಗಳ ನಕ್ಷೆ, ಮಣ್ಣಿನ ಅಂಕಿ, ಹವಳದ ತಾರೀಖು ಎಲ್ಲವೂ ಅವರ ಬಹುಪಾಲು ಕೆಲಸದಿಂದಲೇ ಬಂದಿರುತ್ತೆ.